ಕುಂಚಿಗೆಗೆ ಅಪ್ಪ ಕಥೆ ಕಟ್ಟಲಿಲ್ಲ

ಮೊನ್ನೆ ನನ್ನ ಮೊಮ್ಮಗಳು ಮೊಬೈಲು ಹಿಡಿದುಕೊಂಡು ಬಂದು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದಳು. ಲುಂಗಿ ಎಂಬ ಮಾತು ಯಾವುದೋ ದೂರದ ದೇಶದಿಂದ ಬಂದದ್ದಂತೆ, ನಾನು ಹೇಳಿದ ಕಥೆ ಪೂರಾ ಸುಳ್ಳಂತೆ, ಅದನ್ನು ಸಾಲೆಯಲ್ಲಿ ಎಲ್ಲರ ಮುಂದೆ ಹೇಳಿ ಅವಳು ನಗೆಗೀಡಾದಳಂತೆ. ಸುಳ್ಳು ನನ್ನದಲ್ಲ ತಾಯಿ, ನಿನ್ನ ಮುತ್ತಜ್ಜನದು ಎಂದು ಹೇಳಿ ಪಾರಾದೆ. ಬೈಲಹೊಂಗಲದ ಪೇಟೆಯ ಹಿಂದಿನ ಓಣಿಯಲ್ಲಿ ನನ್ನಪ್ಪ ನಲವತ್ತು ವರ್ಷ ಬಟ್ಟೆ ಹೊಲಿದ. ಹೊಲಿಗೆಯಲ್ಲಿ ಅವನನ್ನು ಮೀರಿಸುವವರು ಊರಲ್ಲಿ ಮೂರು ಮಂದಿ ಇದ್ದರು. ಸುಳ್ಳಿನಲ್ಲಿ ಒಬ್ಬರೂ ಇರಲಿಲ್ಲ. ಮೈಮೇಲೆ ಹಾಕಿಕೊಳ್ಳುವ ಯಾವ ವಸ್ತ್ರದ ಹೆಸರು ಹೇಳಿದರೂ ಅದು ಎಲ್ಲಿ ಹುಟ್ಟಿತು, ಯಾರು ಹುಟ್ಟಿಸಿದರು ಎಂದು ಅವನು ನಿಂತ ಕಾಲಲ್ಲಿ ಹೇಳುತ್ತಿದ್ದ. ಒಂದೇ ಒಂದು ವಸ್ತ್ರದ ಹೆಸರಿಗೆ ಅವನ ಬಳಿ ಕಥೆ ಇರಲಿಲ್ಲ. ಅದು ಯಾಕೆ ಇರಲಿಲ್ಲ ಎಂಬುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ, ಏಕೆಂದರೆ ಅದರಲ್ಲಿ ನನ್ನ ತಪ್ಪೂ ಸೇರಿಕೊಂಡಿದೆ.

ಮನೆ ಎಂದರೆ ಮೂರು ಖೋಲಿ, ರೈಲಿನ ಡಬ್ಬಿಯ ಹಾಗೆ ಒಂದರ ಹಿಂದೊಂದು. ಮುಂದಿನದರಲ್ಲಿ ಅಪ್ಪನ ಮಷಿನ್ನು, ನಡುವೆ ಪಡಸಾಲೆ, ಹಿಂದೆ ಅಡಿಗೆ ಮನೆ. ಪಡಸಾಲೆಗೆ ಕಿಟಕಿ ಇರಲಿಲ್ಲ. ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದು ಚೌಕ ಬಿಸಿಲೇ ಅಲ್ಲಿನ ಬೆಳಕು. ಅದು ಬೆಳಿಗ್ಗೆ ಪಡುವಣದ ಗೋಡೆಯಿಂದ ಹೊರಟು ಸಂಜೆಯ ಹೊತ್ತಿಗೆ ಮೂಡಣದ ಗೋಡೆ ಮುಟ್ಟುತ್ತಿತ್ತು. ಅವ್ವ ಮತ್ತು ಆಯಿ, ಅಂದರೆ ಅಪ್ಪನ ತಾಯಿ, ಇಬ್ಬರೂ ಆ ಬಿಸಿಲಿನ ಬೆನ್ನು ಹತ್ತಿ ತಮ್ಮ ಕೌದಿಯನ್ನು ಸರಿಸುತ್ತ ಹೊಲಿಯುತ್ತಿದ್ದರು. ಸುತ್ತಲಿನ ಹಳ್ಳಿಯವರು ಹಳೆಯ ಸೀರೆ, ಧೋತರ ಗಂಟು ಕಟ್ಟಿ ತಂದು ಕೊಡುತ್ತಿದ್ದರು. ಅವನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ನಾಲ್ಕೂ ಅಂಚಿನಿಂದ ಒಳಗೊಳಗೆ ಸುತ್ತುತ್ತ ನಡುವಿನ ತನಕ ಹೊಲಿದರೆ ಕೌದಿ. ಆಯಿಯ ಕಣ್ಣು ಮಂಜಾಗಿತ್ತು, ಸೂಜಿಗೆ ದಾರ ಪೋಣಿಸಿ ಕೊಡುವುದು ಎಂಟು ವರ್ಷದ ನನ್ನ ಕೆಲಸ. ಚಿಂದಿಯ ಗಂಟಿನಿಂದ ಬಣ್ಣಕ್ಕೆ ಬಣ್ಣ ಹೊಂದುವ ತುಂಡು ಆರಿಸಿ ಕೊಡುವುದೂ ನನ್ನದೇ. ನಮ್ಮ ಮನೆಯ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಯಾವುದರಲ್ಲೂ ದಾರದ ಎಳೆ ಸಿಗದ ದಿನ ಇರಲಿಲ್ಲ. ಬಾಯಿಂದ ಎಳೆದು ಪಕ್ಕಕ್ಕಿಟ್ಟು ಉಣ್ಣುತ್ತಿದ್ದೆವು.

ಅಪ್ಪ ಮಷಿನ್ನು ತುಳಿಯುತ್ತ ಮುಂದಿನ ಖೋಲಿಯಿಂದ ಪಡಸಾಲೆಗೆ ಕೇಳುವ ಹಾಗೆ ಮಾತಾಡುತ್ತಿದ್ದ. ಗಿರಾಕಿ ಇರಲಿ ಬಿಡಲಿ, ಅವನು ಹೇಳುತ್ತಿದ್ದದ್ದು ಅವ್ವನಿಗೆ. ಇದು ನನಗೆ ಆಗಲೇ ತಿಳಿದಿತ್ತು.

"ಅಂಗಿಗೆ ಅಂಗಿ ಅಂತ ಯಾಕ ಅಂತಾರ ಗೊತ್ತೈತೇನ? ಹಿಂದಕ ಒಬ್ಬ ಜೀನ ಗೌಡ ಇದ್ದ. ಅಂಗೈ ಅಗಲ ಅರಿವಿ ತಂದು, ಮೈ ತುಂಬ ಹೊಲದು ಕೊಡು ಅಂದ. ನಮ್ಮ ಮುತ್ಯಾನ ಮುತ್ಯಾ ಇಲ್ಲ ಅನ್ನಲಿಲ್ಲ, ಹೊಲದು ಕೊಟ್ಟ. ಅಂಗೈ ಅರಿವಿದು, ಅದಕ್ಕ ಅಂಗಿ. ಗೌಡ ಅದನ್ನ ಹೆಬ್ಬಟ್ಟಿಗೆ ಹಾಕ್ಕೊಂಡು ಊರ ತುಂಬ ತಿರಗ್ಯಾಡಿದ."

"ಧೋತರ?" ಎಂದು ನಾನು ಒಳಗಿನಿಂದ ಕೂಗುತ್ತಿದ್ದೆ.

"ಧೋ ಅಂತ ಮಳಿ ಬಂತು. ಹೊಲದಾಗಿದ್ದಂವ ಅದನ್ನ ಮೊಳಕಾಲ ಮಟ ಎತ್ತಿಕೊಂಡು ತರಾತುರಿಲೆ ಓಡಿ ಬಂದ. ಧೋ, ತರ. ಇನ್ನೇನ ಬೇಕು?"

ಚಡ್ಡಿಯ ಕಥೆ ಇನ್ನೂ ಸಣ್ಣದು. ಲೋಕದ ಮೊದಲ ಚಡ್ಡಿ ತೊಟ್ಟವನು ಪಂಚರ ಮುಂದೆ ಕೂಡಲು ಹೋದ, ಅದು ಚಡ್ ಎಂದಿತು, ನೋಡಿದವರು ಇಽಽಽ ಎಂದರು. ಲುಂಗಿಯ ಮೇಲೆ ಅಪ್ಪನಿಗೆ ಕುಲಕಸುಬಿನ ಸಿಟ್ಟು. ಅದಕ್ಕೆ ಅಂಚು ಮಡಚುವುದು ಬಿಟ್ಟರೆ ಹೊಲಿಗೆಯೇ ಇಲ್ಲವಲ್ಲ. ಅದನ್ನು ಉಟ್ಟುಕೊಂಡು ಬಂದವನನ್ನು ನೋಡಿ ಮೊದಲ ದರ್ಜಿ "ನುಂಗಿ ಬಿಟ್ಟೆಲ್ಲೋ ನನ್ನ ರೊಟ್ಟಿ" ಎಂದು ಎದೆ ಬಡಿದುಕೊಂಡನಂತೆ. ಅವನಿಗೆ ಮುಂದಿನ ಹಲ್ಲು ಇರಲಿಲ್ಲವಾದ್ದರಿಂದ ನುಂಗಿ ಹೋಗಿ ಲುಂಗಿ ಆಯಿತು. ಕಿಸೆಗೆ ಕಿಸೆ ಎನ್ನುವುದು ಒಳಗೆ ಕೈ ಹಾಕಿದವನು ಏನೂ ಸಿಗದೆ ಹಲ್ಲು ಕಿಸಿಯುವುದರಿಂದ. ಇದನ್ನು ಹೇಳುವಾಗ ಅಪ್ಪ ತನ್ನ ಕಿಸೆಗೇ ಕೈ ಹಾಕಿ ಕಿಸಿದು ತೋರಿಸುತ್ತಿದ್ದ. ಅವ್ವ ಸೆರಗಿನ ಚುಂಗು ಬಾಯಿಗೆ ತುರುಕಿಕೊಂಡು, ಭುಜ ಅಲುಗಿಸುತ್ತ, ಸದ್ದಿಲ್ಲದೆ ನಗುತ್ತಿದ್ದಳು. ಅತ್ತೆಯ ಮುಂದೆ ಗಟ್ಟಿಯಾಗಿ ನಗಬಾರದಲ್ಲ.

"ಬಾಯಿ ಸ್ವಲ್ಪ ಮುಚ್ಚರಿ, ಹೊಲಿಗಿ ಸೊಟ್ಟ ಹೊಂಟೀತು," ಎನ್ನುತ್ತಿದ್ದಳು ಆಮೇಲೆ. ಹೊಲಿಗೆ ನಿಜವಾಗಿಯೂ ಸೊಟ್ಟ ಹೋಗಿರುತ್ತಿತ್ತು.

ತಮ್ಮ ಹುಟ್ಟಿದಾಗ ಅವ್ವ ತನ್ನ ಇಳಕಲ್ ಸೀರೆಯ ಕೆಂಪು ಸೆರಗು ಕತ್ತರಿಸಿ ಅವನಿಗೊಂದು ಕುಂಚಿಗೆ ಹೊಲಿದಳು. ತಲೆ, ಕಿವಿ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಕೂಸಿನ ಟೊಪ್ಪಿಗೆ ಅದು, ಗದ್ದದ ಕೆಳಗೆ ಕಟ್ಟಲು ಎರಡು ಕಸಿ. ಅದನ್ನು ಕಟ್ಟಿದರೆ ಅವನು ಸಣ್ಣ ಮುದುಕಿಯ ಹಾಗೆ ಕಾಣುತ್ತಿದ್ದ. ಕುಂಚಿಗೆಗೆ ಆ ಹೆಸರು ಹೇಗೆ ಬಂತು ಎಂದು ನಾನು ಕೇಳಿದೆ. ಅಪ್ಪ ಮೊದಲ ಸಲ ನನ್ನ ಪ್ರಶ್ನೆಯನ್ನು ಮುಂದೂಡಿದ.

"ಅದನ್ನ ನಿನಗ ಹೇಳೂದಿಲ್ಲ. ಅದು ಇವನ ಪಾಲಿನ ಕಥಿ. ಯಾಕ ಅಂತ ಕೇಳೂವಷ್ಟು ಇಂವ ದೊಡ್ಡಂವ ಆಗಲಿ, ಇವನ ಕಿವ್ಯಾಗ ಹೇಳತೇನಿ."

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಹೇಳಲಾರೆ. ತಮ್ಮ ಎಂಟು ತಿಂಗಳು ಇದ್ದ. ಮೂರು ದಿನದ ಜ್ವರ ಬಂದು ಹೋಗಿಬಿಟ್ಟ. ಅವನ ಬಟ್ಟೆ, ಬಳೆ, ಗಿಲಕಿ ಎಲ್ಲವನ್ನೂ ಆಯಿ ಗಂಟು ಕಟ್ಟಿ ಅವನ ಜೊತೆಗೇ ಮಣ್ಣಿಗೆ ಕಳಿಸಿದಳು. ಹೋದ ಕೂಸಿನ ಚೂರು ಅರಿವೆಯೂ ಮನೆಯಲ್ಲಿ ಉಳಿಯಬಾರದು, ಉಳಿದರೆ ಅದು ಮುಂದಿನ ಕೂಸನ್ನೂ ಕರೆಯುತ್ತದೆ ಎನ್ನುವುದು ಅವಳ ನಂಬಿಕೆ. ಅವ್ವ ಅಳಲಿಲ್ಲ. ಓಣಿಯ ಹೆಂಗಸರು ಬಂದು ಅಳಿಸಲು ನೋಡಿದರು, ಆಗಲಿಲ್ಲ. ಮಾತು ಕೂಡ ನಿಂತ ಹಾಗೆಯೇ. ರೊಟ್ಟಿ ಬೇಕಾ, ನೀರು ಬಂತಾ, ದಾರ ತೀರಿತು, ಇಷ್ಟೇ. ಹದಿನೈದು ದಿನ ಕಳೆದ ಮೇಲೆ ಮತ್ತೆ ಕೌದಿಗೆ ಕೂತಳು. ಕೈ ಮೊದಲಿನ ಹಾಗೇ ಓಡುತ್ತಿತ್ತು. ಮುಖ ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು.

ಅಪ್ಪ ಸ್ವಲ್ಪ ದಿನ ಬರಿ ಹೊಲಿದ. ಆಮೇಲೆ ಮತ್ತೆ ಕಥೆ ಶುರು ಮಾಡಿದ. ಕೇಳುವವರಿಲ್ಲದೆಯೂ ಹೇಳತೊಡಗಿದ. ಬನಿಯನ್, ರುಮಾಲು, ಪರಕಾರ, ಪೈಜಾಮ, ಅವನ ಜೀವಮಾನದಲ್ಲಿ ಅಷ್ಟು ಕಥೆಗಳನ್ನು ಅಷ್ಟು ಬೇಗ ಎಂದೂ ಕಟ್ಟಿರಲಿಲ್ಲ. ಒಂದೊಂದು ಮುಗಿಸಿ ಮಷಿನ್ನಿನ ಗಾಲಿಯನ್ನು ಕೈಯಿಂದ ತಡೆದು ಪಡಸಾಲೆಯ ಕಡೆ ಕಿವಿಗೊಡುತ್ತಿದ್ದ. ಏನೂ ಕೇಳದಿದ್ದಾಗ ಮತ್ತೆ ತುಳಿಯುತ್ತಿದ್ದ. ಒಂದು ದಿನ ಆಯಿಗೆ ತಡೆಯಲಿಲ್ಲ.

"ಮನ್ಯಾಗಿನ ಕೂಸು ಹೋಗಿ ಎರಡು ತಿಂಗಳಾಗಿಲ್ಲ, ನಿನಗ ಚೇಷ್ಟಿ ಹೆಂಗರ ಹೊಳೀತಾವೋ?"

"ಆಕಿ ಒಮ್ಮೆ ನಗಲಿ ಅಂತ ಯವ್ವಾ. ಇಲ್ಲಾಂದ್ರ ಒಮ್ಮೆ ಅಳಲಿ. ಎರಡರಾಗ ಒಂದರ ಆಗಲಿ."

ಅವ್ವ ಅಲ್ಲೇ ಇದ್ದಳು. ತಲೆ ಎತ್ತಲಿಲ್ಲ.

ಅವ್ವ ಕುಂಚಿಗೆಯನ್ನು ಮಣ್ಣಿಗೆ ಕೊಟ್ಟಿರಲಿಲ್ಲ. ಇದು ನನಗೊಬ್ಬಳಿಗೇ ಗೊತ್ತಿತ್ತು. ಆಯಿ ಹುಡುಕದ ಜಾಗ ಎಂದರೆ ಚಿಂದಿಯ ಗಂಟು. ಅದರ ತಳದಲ್ಲಿ ಅವ್ವ ಅದನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು. ಮಧ್ಯಾಹ್ನ ಆಯಿ ಅಡ್ಡಾದಾಗ ತೆಗೆದು ಮೂಗಿಗೆ ಹಿಡಿದು ಕೂಡುತ್ತಿದ್ದಳು. ಆಗ ನಾನು ಕರೆದರೂ ಅವಳಿಗೆ ಕೇಳುತ್ತಿರಲಿಲ್ಲ. ತಮ್ಮ ಹೋದ ಮೇಲೆ ಅವ್ವನಾದರೂ ನನಗೆ ಪೂರಾ ಸಿಗಬಹುದೆಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಅವನು ಅವಳನ್ನೂ ಕರೆದುಕೊಂಡು ಹೋಗಿದ್ದ.

ಆಗ ಮನೆಯಲ್ಲಿ ಹೊಲಿಯುತ್ತಿದ್ದದ್ದು ಸಂಪಗಾಂವದ ನೀಲವ್ವನ ಕೌದಿ. ಅವಳ ಮಗಳು ಗಂಗವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೌದಿಯನ್ನು ಹೊಲಿಯುತ್ತ ಬಂದು ನಡುವೆ ಗೇಣಗಲ ಜಾಗ ಉಳಿದಾಗ ನಮ್ಮಲ್ಲಿ ಅದರ ಹೊಟ್ಟೆ ತುಂಬಿಸುವ ಪದ್ಧತಿ ಇದೆ. ಬಸುರಿಗೆ ಉಡಿ ತುಂಬಿದ ಹಾಗೆಯೇ. ಗೋಧಿ ಬೆಲ್ಲದ ಮಾದಲಿ ಮಾಡಿ ಎಡೆ ತೋರಿಸಿ, ಐದು ಕಾಳು ಜೋಳ, ಒಂದು ಅರಿಷಿಣದ ಕೊಂಬು ಒಳಗಿಟ್ಟು, ಮೇಲೊಂದು ಕೆಂಪು ಚೌಕ ಹೊಲಿದು ಮುಚ್ಚುವುದು. ಬರಿ ಹೊಟ್ಟೆಯ ಕೌದಿಯನ್ನು ಯಾರಿಗೂ ಕೊಡುವಂತಿಲ್ಲ. ತುಂಬಿಸಿದ ಹೊಟ್ಟೆಗೆ ಮತ್ತೆ ಕತ್ತರಿ ಹಾಕುವಂತಿಲ್ಲ. ಆಯಿ ಪ್ರತಿ ಸಲ ಒಂದು ಮಾತು ಹೇಳುತ್ತಿದ್ದಳು:

"ಹೊಟ್ಟಿ ತುಂಬಿದ ಕೌದಿ ಹೋದ ಮನಿಗೆ ಬರಿಗೈಲೆ ಹೋಗೂದಿಲ್ಲ. ಕೂಸು ಕರಕೊಂಡು ಹೋಗತೈತಿ."

ಅದರಲ್ಲಿ ಕೂಸು ಎನ್ನುವುದಷ್ಟೇ ನನ್ನ ತಲೆಗೆ ಹೋಯಿತು, ಹೋದ ಮನೆ ಎನ್ನುವುದು ಹೋಗಲಿಲ್ಲ. ಹೊಟ್ಟೆಯಲ್ಲಿ ಏನಿಡುತ್ತೇವೋ ಅದು ಕೂಸಾಗಿ ಬರುತ್ತದೆ, ಹೊಲಿದವರ ಮನೆಗೇ ಬರುತ್ತದೆ ಎಂದು ಲೆಕ್ಕ ಹಾಕಿದೆ. ಅಂದು ಹೊಟ್ಟೆ ತುಂಬಿಸುವ ಹೊತ್ತಿಗೆ ಆಯಿ ಅವ್ವನನ್ನು ಅಡಿಗೆ ಮನೆಗೆ ಕಳಿಸಿದಳು. ಕೂಸು ಕಳಕೊಂಡವಳು ಎದುರು ಕೂಡಬಾರದು ಎಂದು ಬಾಯಿಬಿಟ್ಟು ಹೇಳಲಿಲ್ಲ, ಮಾದಲಿ ತಾ ಎಂದಳು. ಅವ್ವನಿಗೆ ಅರ್ಥವಾಯಿತು, ಎದ್ದು ಹೋದಳು. ಆಯಿ ಕಣ್ಣು ಮುಚ್ಚಿ ಕೈ ಮುಗಿದಾಗ ನಾನು ಚಿಂದಿಯ ಗಂಟಿನ ತಳದಿಂದ ಕುಂಚಿಗೆ ಎಳೆದು, ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿ ಪದರಿನ ನಡುವೆ ತಳ್ಳಿದೆ. ಆಯಿ ಅದರ ಮೇಲೆ ಜೋಳ ಹಾಕಿ, ಕೊಂಬು ಇಟ್ಟು ಹೊಲಿದಳು. ಸೂಜಿಗೆ ದಾರ ಪೋಣಿಸಿ ಕೊಟ್ಟವಳು ನಾನೇ. ತಮ್ಮ ಬಂದರೆ ಅವ್ವ ನಗುತ್ತಾಳೆ, ಅಪ್ಪ ಅವನ ಕಥೆ ಅವನಿಗೆ ಹೇಳುತ್ತಾನೆ, ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತೇನೆ. ನನಗೆ ಬೇಕಾಗಿದ್ದದ್ದು ಇಷ್ಟೇ.

ಎರಡನೆಯ ದಿನವೇ ನೀಲವ್ವ ಬಂದು ಕೌದಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಹೋದಳು. ನಮ್ಮ ಮನೆಗೆ ಬರಬೇಕಾದ ತಮ್ಮ ಅದರೊಳಗೇ ಹೊರಟುಹೋದನೆಂದು ನಾನು ಅವಳ ಹಿಂದೆ ಓಣಿಯ ತುದಿಯವರೆಗೆ ಓಡಿ ಅತ್ತೆ. ಕೌದಿ ಹೋಯಿತೆಂದು ಅಳುತ್ತಿದ್ದೇನೆ ಎಂದುಕೊಂಡು ಆಯಿ ಬೆಲ್ಲ ಕೊಟ್ಟಳು. ಅದೇ ಮಧ್ಯಾಹ್ನ ಅವ್ವ ಗಂಟು ಬಿಚ್ಚಿದಳು. ಮೊದಲು ನಿಧಾನವಾಗಿ ತೆಗೆದಳು, ಆಮೇಲೆ ಎರಡೂ ಕೈಯಿಂದ ಎರಚಿದಳು. ಪಡಸಾಲೆಯ ತುಂಬ ಚಿಂದಿ. ಎರಡು ತಿಂಗಳಲ್ಲಿ ಮೊದಲ ಸಲ ಅವಳ ಗಟ್ಟಿ ದನಿ ಕೇಳಿದೆ.

"ಯಾರ ತಗೊಂಡ್ರಿ? ನನ್ನ ಕೂಸಿನ ಕುಂಚಗಿ ಯಾರ ತಗೊಂಡ್ರಿ?"

ನಾನು ಹೇಳಿಬಿಟ್ಟೆ. ಆಯಿಯ ಏಟು ನನ್ನ ಕೆನ್ನೆಗೆ ಬಿದ್ದದ್ದು ನೆನಪಿದೆ, ನೋವು ನೆನಪಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು. ಹೋದ ಕೂಸಿನ ಅರಿವೆ ಚೊಚ್ಚಲ ಬಸುರಿಯ ಮೈಕೆಳಗೆ! ಅಪ್ಪ ಮಷಿನ್ನು ಬಿಟ್ಟು ಎದ್ದು ಬಂದ.

"ನಾ ಈಗ ಹೋಗಿ ಬಿಚ್ಚಿ ತರತೇನಿ."

"ತುಂಬಿದ ಹೊಟ್ಟಿಗೆ ಕತ್ತರಿ ಹಾಕತೀಯೇನ? ಬಸುರಿ ಕಣ್ಣ ಮುಂದ? ತಗದ್ರೂ ಕೇಡ, ಬಿಟ್ರೂ ಕೇಡ. ಈ ಹುಡಿಗಿ ಎಂಥಾ ಕೆಲಸ ಮಾಡಿತಲ್ಲೋ!"

"ನಾನ ಹೋಗತೇನ್ರಿ ಅತ್ತಿ," ಎಂದಳು ಅವ್ವ. ಸಣ್ಣ ಕತ್ತರಿಯನ್ನು ಸೊಂಟದ ಸಂಚಿಗೆ ಹಾಕಿಕೊಂಡು ನನ್ನ ಕೈ ಹಿಡಿದು ಹೊರಟಳು.

ಬಸ್ಸಿನಲ್ಲಿ ಅವಳು ನನಗೆ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸಂಪಗಾಂವದ ಮನೆಯಲ್ಲಿ ನೀಲವ್ವ ಹೊಲಕ್ಕೆ ಹೋಗಿದ್ದಳು, ಗಂಗವ್ವ ಒಬ್ಬಳೇ ಇದ್ದಳು. ನಮ್ಮ ಕೌದಿಯನ್ನು ಹಾಸಿಕೊಂಡು ಮಗ್ಗುಲಾಗಿ ಮಲಗಿದ್ದವಳು ಕೈ ಊರಿ ಏಳಲು ಹೋದಳು. ಅವ್ವ ಬೇಡವೆಂದು ಪಕ್ಕದಲ್ಲಿ ಕೂತಳು. ಒಂದು ಅಂಚಿನ ಹೊಲಿಗೆ ಸಡಿಲಾಗಿದೆಯೇನೋ ಎಂಬ ಸಂಶಯ, ನೋಡಿ ಹೋಗಲು ಬಂದೆ ಎಂದು ಸುಳ್ಳು ಹೇಳಿದಳು. ಅವಳ ಕೈ ಕೌದಿಯ ಮೇಲೆ ಸರಿಯುತ್ತ ನಡುವಿನ ಕೆಂಪು ಚೌಕಕ್ಕೆ ಬಂದು ನಿಂತಿತು. ಬೆರಳಿನಿಂದ ಒತ್ತಿ ನೋಡಿದಳು. ಕಸಿಯ ಗಂಟು ಸಿಕ್ಕಿರಬೇಕು, ಬೆರಳು ಅಲ್ಲೇ ಉಳಿಯಿತು. ಗಂಗವ್ವನಿಗೆ ಮಾತಿಗೆ ಜನ ಸಿಕ್ಕ ಖುಷಿ.

"ಏನ್ ಹಾಕಿ ಹೊಲದೀರೋ ಯಕ್ಕಾ! ದಿನಾ ನನ್ನ ಕೂಸು ಒದ್ದು ಒದ್ದು ಜೀವಾ ತಿಂತಿತ್ರಿ. ಇವತ್ತ ಇದರ ಮ್ಯಾಲ ಮೈ ಚೆಲ್ಲಿದ್ದ ತಡ, ಸುಮ್ಮನ ಮಲಗೇತಿ."

ಅವ್ವನ ಇನ್ನೊಂದು ಕೈ ಸಂಚಿಯ ಮೇಲಿತ್ತು. ಕತ್ತರಿಯ ಹಿಡಿಕೆ ಹೊರಗೆ ಕಾಣುತ್ತಿತ್ತು. ಈಗ ತೆಗೆಯುತ್ತಾಳೆ, ಈಗ ತೆಗೆಯುತ್ತಾಳೆ ಎಂದು ನಾನು ನೋಡುತ್ತ ನಿಂತೆ. ಅವ್ವ ಹಿಡಿಕೆಯನ್ನು ಒಳಕ್ಕೆ ತಳ್ಳಿ, ಸಂಚಿಯ ಬಾಯಿಯ ದಾರ ಎಳೆದು ಕಟ್ಟಿದಳು. ಗಂಗವ್ವ ಕೊಟ್ಟ ಚಹಾ ಕುಡಿದು, ಎಲ್ಲ ಹೊಲಿಗೆ ಸರಿ ಇದೆ ಎಂದು ಹೇಳಿ ಎದ್ದಳು. ಬಸ್ಸಿಗೆ ಕಾಯುತ್ತ ಬೇವಿನ ಗಿಡದ ಕೆಳಗೆ ನಿಂತಾಗ ನನ್ನ ತಲೆ ಸವರಿದಳು.

"ಇರಲಿ ಬಿಡು, ಅಲ್ಲೇ ಇರಲಿ. ಅವಗೂ ಬೆಚ್ಚಗ ಆಗತೈತಿ."

ಆಯಿ ಆ ತಿಂಗಳು ಪೂರ್ತಿ ಒಪ್ಪತ್ತು ಉಂಡಳು. ಸಂಪಗಾಂವದಿಂದ ಕೆಟ್ಟ ಸುದ್ದಿ ಬಾರದಿರಲಿ ಎಂದು ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತಳು. ಗಂಗವ್ವನಿಗೆ ಹೇಳದೆ ಬಂದದ್ದು ತಪ್ಪು ಎಂದು ಅಪ್ಪನಿಗೂ ಅನ್ನಿಸಿತ್ತು. ಇಂದು ಕೇಳಿದರೆ ನನಗೂ ತಪ್ಪೇ ಅನ್ನಿಸುತ್ತದೆ. ಆದರೆ ಅವ್ವ ಬದಲಾಗಿದ್ದಳು. ಎರಡು ರೊಟ್ಟಿ ಉಣ್ಣತೊಡಗಿದಳು. ಸಂಪಗಾಂವದ ಕಡೆಯ ಬಸ್ಸು ಬರುವ ಹೊತ್ತಿಗೆ ಬಾಗಿಲಿಗೆ ಹೋಗಿ ಬರುತ್ತಿದ್ದಳು. ಅಪ್ಪ ಕತ್ತರಿಸಿ ಬಿಟ್ಟ ಬಿಳಿ ಬಟ್ಟೆಯ ತುಂಡಿನಲ್ಲಿ ಗಂಗವ್ವನ ಕೂಸಿಗೆಂದು ಒಂದು ಸಣ್ಣ ಅಂಗಿ ಹೊಲಿದು ಮೂರು ಗುಂಡಿ ಹಚ್ಚಿದಳು. ಅಪ್ಪನಿಗೆ ಜೀವ ಬಂದ ಹಾಗಾಯಿತು. ಬಟ್ಟೆಯ ತೂತಿನಲ್ಲಿ ಮೊದಲ ದರ್ಜಿಯೇ ಕಾಲು ಜಾರಿ ಬಿದ್ದದ್ದಕ್ಕೇ ಅದಕ್ಕೆ ಗುಂಡಿ ಎನ್ನುತ್ತಾರೆ ಎಂದ. ಅವ್ವನ ತುಟಿ ಅಲುಗಿದ್ದನ್ನು ನಾನು ನೋಡಿದೆ. ಅವಳಿಗೂ ನನ್ನ ಲೆಕ್ಕವೇ ತಲೆಗೆ ಹತ್ತಿದೆ ಎಂದು ಆಗ ನನಗೆ ಹೊಳೆಯಲಿಲ್ಲ. ಅವಳು ದೊಡ್ಡವಳು, ಎಲ್ಲ ಗೊತ್ತಿರುವವಳು ಎಂದುಕೊಂಡಿದ್ದೆ. ಸಂಪಗಾಂವದಲ್ಲಿ ತಮ್ಮ ಹುಟ್ಟಿದರೆ ಕರೆದುಕೊಂಡು ಬರುವುದು ಹೇಗೆ ಎಂದು ನಾನೊಬ್ಬಳೇ ಯೋಚಿಸುತ್ತಿದ್ದೇನೆ ಎಂದುಕೊಂಡಿದ್ದೆ.

ನೀಲವ್ವ ಸಕ್ಕರೆ ಪೊಟ್ಟಣ ಹಿಡಿದುಕೊಂಡು ಬಂದದ್ದು ಒಂದು ಬೆಳಿಗ್ಗೆ. ಬಿಸಿಲಿನ ಚೌಕ ಇನ್ನೂ ಗೋಡೆಯ ಮೇಲಿತ್ತು.

"ಬಾಯಿ ಸಿಹಿ ಮಾಡ್ಕೋರಿ. ಹೆಣ್ಣ ಕೂಸು. ತಾಯಿ ಮಗಳು ಇಬ್ರೂ ಅರಾಮ ಅದಾರ."

ಆಯಿ ಕೈ ಮುಗಿದು ಗೋಡೆಗೆ ಒರಗಿ ಕುಸಿದಳು, ಅವಳ ಒಂದು ತಿಂಗಳ ಭಯ ಇಳಿದಿತ್ತು. ನಾನು ಅವ್ವನ ಮುಖ ನೋಡಿದೆ. ನನ್ನ ಎದೆಯಲ್ಲಿ ಆಗ ಏನು ಮುರಿಯಿತೋ ಅದೇ ಅವಳ ಮುಖದಲ್ಲಿ ಮುರಿಯುತ್ತಿತ್ತು. ಅವಳೂ ಕಾಯುತ್ತಿದ್ದಳು. ಅವಳು ಕಾಯುತ್ತಿದ್ದದ್ದೂ ಅವನನ್ನೇ.

"ಚೊಲೊ ಆತ್ರಿ ನೀಲವ್ವ. ನೂರು ವರ್ಷ ಬಾಳಲಿ," ಎಂದಳು. ಸಕ್ಕರೆ ಬಾಯಿಗೆ ಹಾಕಿಕೊಂಡಳು, ನನ್ನ ಬಾಯಿಗೂ ಹಾಕಿದಳು. ಗೂಟಕ್ಕೆ ಹಾಕಿದ್ದ ಮೂರು ಗುಂಡಿಯ ಅಂಗಿಯನ್ನು ತೆಗೆದು ನೀಲವ್ವನ ಉಡಿಗೆ ಹಾಕಿದಳು. ಆಮೇಲೆ ಮುಂದಿನ ಖೋಲಿಗೆ ನಡೆದು ಅಪ್ಪನ ಮಷಿನ್ನಿನ ಎದುರು ನಿಂತಳು. ನಾನು ಹಿಂದೆಯೇ ಹೋದೆ.

"ಕುಂಚಗಿಗೆ ಕುಂಚಗಿ ಅಂತ ಯಾಕ ಅಂತಾರ್ರಿ? ಅವನ ಕಿವ್ಯಾಗ ಹೇಳತೇನಿ ಅಂದಿದ್ರಿ. ನನಗರ ಹೇಳ್ರಿ."

ಅಪ್ಪನ ಕೈ ಗಾಲಿಯ ಮೇಲೆ ನಿಂತಿತು. ಬಾಯಿ ತೆರೆದ. ಏನಾದರೂ ಒಂದು ಹೇಳಲಿ, ಎಂಥದಾದರೂ ಸರಿ, ಒಂದು ಸುಳ್ಳು ಹೇಳಲಿ ಎಂದು ನಾನು ದೇವರಿಗೆ ಬೇಡಿಕೊಂಡೆ. ಅಪ್ಪ ಅವ್ವನ ಮುಖವನ್ನು ಬಹಳ ಹೊತ್ತು ನೋಡಿದ.

"ಗೊತ್ತಿಲ್ಲ," ಎಂದ.

ಅವ್ವ ಅಲ್ಲೇ, ಅವನು ಕತ್ತರಿಸಿ ಕೆಡವಿದ್ದ ಬಟ್ಟೆಯ ಚೂರುಗಳ ಮೇಲೆ ಕುಸಿದು ಕೂತು, ಓಣಿಯ ತುದಿಗೆ ಕೇಳುವ ಹಾಗೆ ಅತ್ತಳು. ನೀಲವ್ವ ಗಾಬರಿಯಾಗಿ ಓಡಿ ಬಂದಳು. ಆಯಿ ಅವಳ ತೋಳು ಹಿಡಿದು ತಡೆದಳು. ಅಪ್ಪ ಮಷಿನ್ನಿನಿಂದ ಇಳಿದು ಅವ್ವನ ಪಕ್ಕದಲ್ಲಿ ನೆಲಕ್ಕೆ ಕೂತ. ನಾನು ಬಾಗಿಲಲ್ಲಿ ನಿಂತಿದ್ದೆ. ಬಾಯಲ್ಲಿ ಸಕ್ಕರೆ ಇನ್ನೂ ಇತ್ತು. ಅದನ್ನು ಉಗುಳಬೇಕೋ ನುಂಗಬೇಕೋ ತಿಳಿಯದೆ ಹಾಗೇ ಇಟ್ಟುಕೊಂಡಿದ್ದೆ.